ಸಬ್‌ವೂಫರ್ ಮತ್ತು ನನ್ನ ಹೆಂಡತಿಯ ತವರಿನ ಪಾತ್ರೆಗಳು

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯದೆ ಇರುವುದಿಲ್ಲ. ನಮ್ಮ ವಿಜಯನಗರದ ಪಾರ್ಕಿನಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಸಾಕು, ಬಗೆಬಗೆಯ ಹುಚ್ಚುಗಳ ದರ್ಶನವಾಗುತ್ತದೆ. ಒಬ್ಬರು ಹಿಮ್ಮುಖವಾಗಿ ನಡೆಯುತ್ತಾರೆ. ಇನ್ನೊಬ್ಬರು ಹಾಗಲಕಾಯಿ ರಸದ ಬಾಟಲಿ ಹಿಡಿದು ಸಿಕ್ಕವರಿಗೆಲ್ಲ ಕುಡಿಸಲು ಬರುತ್ತಾರೆ. ಮತ್ತೊಬ್ಬರು ಟೆರೇಸಿನಲ್ಲಿ ಬೆಳೆದ ನಾಲ್ಕು ಬದನೆಕಾಯಿಯ ಫೋಟೋವನ್ನು ಇಡೀ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಹೊಗಳದವರ ಜೊತೆ ಮಾತು ಬಿಡುತ್ತಾರೆ. ಇವರನ್ನೆಲ್ಲ ನೋಡಿ ನಕ್ಕವನು ನಾನು. ಕೊನೆಗೆ ನನಗೆ ಹಿಡಿದದ್ದು ಬೇಸ್ ಹುಚ್ಚು. ಬೇಸ್ ಎಂದರೆ ಸಿನಿಮಾದಲ್ಲಿ ನೆಲದ ಅಡಿಯಿಂದ ಎದ್ದು ಬಂದಂತೆ ಕೇಳುವ ‘ಧಂ’ ಎಂಬ ದಪ್ಪ ಸದ್ದು. ಅದೊಂದಕ್ಕೆಂದೇ ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆಯಿದೆ, ಆ ಪೆಟ್ಟಿಗೆಗೆ ಕಸುವು ತುಂಬಲು ಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆಯಿದೆ.

ಹುಚ್ಚು ಹತ್ತಿಸಿದವನು ನನ್ನ ಭಾವಮೈದ ಶಿವಣ್ಣ. ಇಲ್ಲೇ ಹತ್ತಿರದ ಉಲ್ಲಾಳದಲ್ಲಿ ಹೊಸ ಮನೆ ಕಟ್ಟಿಸಿ ಮಹಡಿಯಲ್ಲಿ ಹೋಮ್ ಥಿಯೇಟರ್ ಮಾಡಿಸಿದ್ದಾನೆ. ಗೃಹಪ್ರವೇಶದ ದಿನ ಹೋಳಿಗೆ ಊಟ ಮುಗಿಸಿ ತೂಕಡಿಸುತ್ತಿದ್ದ ನನ್ನನ್ನು ಮೇಲೆ ಕರೆದುಕೊಂಡು ಹೋಗಿ, “ಕೂತ್ಕೊಳಿ ಭಾವ, ಸುಮ್ನೆ ಎದೆ ಮೇಲೆ ಕೈ ಇಟ್ಕೊಳಿ” ಎಂದ. ತೆರೆಯ ಮೇಲೆ ಯಾವನೋ ಒಂದು ಲಾರಿ ಸ್ಫೋಟಿಸಿದ. ನನ್ನ ಹೊಟ್ಟೆಯಲ್ಲಿದ್ದ ಎರಡು ಹೋಳಿಗೆಯೂ ಎದ್ದು ಕೂತವು. ಇಪ್ಪತ್ತೆಂಟು ವರ್ಷ ಮೇಲಧಿಕಾರಿಗಳ ಬೈಗುಳಕ್ಕೆ ಅಲ್ಲಾಡದ ಎದೆ ಅಂದು ಅಲ್ಲಾಡಿಹೋಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಸುಮಿತ್ರೆಗೆ, “ನಮ್ಮನೇಗೂ ಒಂದು ಬೇಕು ಕಣೇ” ಎಂದೆ. “ಎದೆ ನಡುಗೋಕೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕ್ರೀ? ನಮ್ಮಮ್ಮ ಇದ್ದಾಗ ಒಂದ್ಸಲ ಕೆಮ್ಮಿದ್ರೆ ಸಾಕಾಗ್ತಿತ್ತಲ್ಲ ನಿಮಗೆ” ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಕಾಮಾಕ್ಷಿಪಾಳ್ಯದಲ್ಲಿ ಮುನಿರಾಜು ಎಂಬವರಿದ್ದಾರೆ. ಗಣಪತಿ ಪೆಂಡಾಲುಗಳಿಗೆ, ಆರ್ಕೆಸ್ಟ್ರಾದವರಿಗೆ ತಾವೇ ಪ್ಲೈವುಡ್ ಕೊಯ್ದು ಸ್ಪೀಕರ್ ಪೆಟ್ಟಿಗೆ ಮಾಡಿಕೊಡುತ್ತಾರೆ. ಟಿವಿಯಿರುವ ನಮ್ಮ ಹಾಲ್‌ನ ಅಳತೆ ಕೇಳಿ, “ಇಷ್ಟಕ್ಕೆ ಎಂಟಿಂಚು ಸ್ಪೀಕರ್ ಧಾರಾಳ ಸಾರ್” ಎಂದರು. “ಉಲ್ಲಾಳದಲ್ಲಿ ಹತ್ತಿಂಚು ಇದೆ, ನನಗೆ ಹನ್ನೆರಡು ಮಾಡಿ” ಎಂದೆ. ಉಲ್ಲಾಳದಲ್ಲಿ ಯಾರು, ಯಾಕೆ ಎಂದು ಅವರು ಕೇಳಲಿಲ್ಲ. ಇಂಥ ಗಿರಾಕಿಗಳನ್ನು ಅವರು ಬಹಳ ನೋಡಿದ್ದರೆಂದು ಕಾಣುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಪೆಟ್ಟಿಗೆಗಳ ಜೊತೆ ಮುನಿರಾಜುವೂ ಬಂದಿಳಿದರು. ನಮ್ಮ ಮನೆಗೆ ಯಾವ ಯಂತ್ರ ಬಂದರೂ ಅರಿಶಿನ ಕುಂಕುಮ ಇಡದೆ ಸ್ವಿಚ್ ಹಾಕುವಂತಿಲ್ಲ. ಮಿಕ್ಸಿಗೂ ಆಗಿದೆ, ಗೀಸರಿಗೂ ಆಗಿದೆ. ಸುಮಿತ್ರೆ ಆಂಪ್ಲಿಫೈಯರಿನ ಹಣೆ ಯಾವುದೆಂದು ಮುನಿರಾಜುವನ್ನೇ ಕೇಳಿ ತಿಳಿದುಕೊಂಡು ಕುಂಕುಮ ಇಟ್ಟಳು. ಅವರು ವೈರುಗಳನ್ನು ಸಿಕ್ಕಿಸಿ, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಡಾಕ್ಟರು ನಾಡಿ ನೋಡುವಂತೆ ನಿಂತರು. ‘ಧಂ’ ಎಂದಿತು. ಕಿಟಕಿಯ ಗಾಜು ಅದುರಿತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಆ ‘ಧಂ’ನ ಬಾಲಕ್ಕೆ ಸಣ್ಣದೊಂದು ‘ಚಿರ್ರ್’ ಅಂಟಿಕೊಂಡಿತ್ತು. “ಚಿರ್ರ್ ಅಂತಿದೆಯಲ್ಲ” ಎಂದೆ. “ನಂಗ್ ಕೇಳಿಸ್ತಿಲ್ವಲ್ಲ ಸಾರ್” ಎಂದರು. ಆರು ಸಲ ಕೇಳಿಸಿದೆ. ಏಳನೆಯ ಸಲಕ್ಕೆ ಅವರಿಗೆ ಊಟದ ಹೊತ್ತಾಯಿತು. ಸುತ್ತ ಕಣ್ಣಾಡಿಸಿ, “ಸಬ್‌ವೂಫರ್ ಪಕ್ಕಾ ಇದೆ ಸಾರ್. ಅಡ್ಗೆಮನೇಲಿ ಪಾತ್ರೆ ಜಾಸ್ತಿ ಇದಾವಲ್ಲ, ಅವೇ ಇರ್ಬೇಕು” ಎಂದು ಹೇಳಿ ಹೊರಟುಹೋದರು.

ನಮ್ಮ ಕಡೆ ಮದುವೆಗೆ ಸ್ಟೀಲ್ ಪಾತ್ರೆ ಕೊಡುವವರು ಬರೀ ಪಾತ್ರೆ ಕೊಡುವುದಿಲ್ಲ. ಅಂಗಡಿಯಲ್ಲೇ ನಿಂತು ಅದರ ಮೇಲೆ ತಮ್ಮ ಹೆಸರು ಕೊರೆಸಿ ಕೊಡುತ್ತಾರೆ. ಹೀಗಾಗಿ ನಮ್ಮ ಪಾತ್ರೆ ಸ್ಟ್ಯಾಂಡ್ ಎಂದರೆ ನಮ್ಮ ಮದುವೆಯ ಹಾಜರಿ ಪುಸ್ತಕ. ಯಾರು ಬಂದಿದ್ದರು, ಯಾರು ಮಕ್ಕಳನ್ನೂ ಸೇರಿಸಿ ಒಂದೇ ಲೋಟದಲ್ಲಿ ಮುಗಿಸಿದರು, ಎಲ್ಲಕ್ಕೂ ಅಲ್ಲಿ ದಾಖಲೆಯಿದೆ. ನಾನು ಹಾಲ್‌ನಲ್ಲಿ ಬೇಸ್ ಹಾಕಿ, ಅಡುಗೆಮನೆಗೆ ಓಡಿ, ಒಂದೊಂದರ ಮೇಲೂ ಬೆರಳಿಟ್ಟು ನೋಡತೊಡಗಿದೆ. ಮೊದಲು ಸಿಕ್ಕಿಬಿದ್ದದ್ದು ಹೆಗ್ಗನಹಳ್ಳಿ ದೊಡ್ಡಮ್ಮನ ಹೆಸರಿನ ಅಕ್ಕಿ ಡಬ್ಬ. “ಸುಮೀ, ನಿಮ್ಮ ದೊಡ್ಡಮ್ಮ ಅದುರ್ತಾ ಇದಾರೆ!” ಎಂದು ಕೂಗಿದೆ. “ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತು, ಈಗಲಾದ್ರೂ ಅವರನ್ನ ಬಿಡ್ರೀ” ಎಂದಳು. ಆಮೇಲೆ ಅವಳ ಸೋದರಮಾವನ ಬೋಸಿ, ಚಿಕ್ಕಮ್ಮನ ಹನ್ನೆರಡು ಲೋಟ, ಕೊನೆಗೆ ಸಾಕ್ಷಾತ್ ಶಿವಣ್ಣನ ಹೆಸರಿನ ಹಾಲಿನ ಪಾತ್ರೆ, ಎಲ್ಲವೂ ಅದುರುತ್ತಿದ್ದವು. ಎಲ್ಲರೂ ಅವಳ ಕಡೆಯವರೇ! ನಮ್ಮ ಕಡೆಯವರು ಕೊಟ್ಟದ್ದು ಗೋಡೆ ಗಡಿಯಾರಗಳು, ಅವು ಎಂದೋ ನಿಂತುಹೋಗಿ ತೆಪ್ಪಗಿದ್ದವು. ನನ್ನ ಕಡೆಯವರ ಸಭ್ಯತೆಯ ಬಗ್ಗೆ ಹೆಂಡತಿಗೆ ಒಂದೆರಡು ಮಾತು ಹೇಳಲು ಮರೆಯಲಿಲ್ಲ.

ಅದುರಿದವರನ್ನೆಲ್ಲ ಹಳೆ ಪಂಚೆಯಲ್ಲಿ ಸುತ್ತಿ ಏಣಿ ಹತ್ತಿ ಅಟ್ಟಕ್ಕೆ ಸಾಗಿಸಿದೆ. ‘ಚಿರ್ರ್’ ಹೋಗಲಿಲ್ಲ. ಮುಂದಿನ ಭಾನುವಾರ ಅದುರದವರನ್ನೂ ಸಾಗಿಸಿದೆ. ಹೋಗಲಿಲ್ಲ. ಕೊನೆಗೆ ಉಳಿದದ್ದು ಒಂದು ಚೊಂಬು. ಮಿಕ್ಕ ಪಾತ್ರೆಗಳ ಮೇಲೆ ಊರು, ಇನಿಷಿಯಲ್ ಸಮೇತ ಹೆಸರುಗಳಿದ್ದರೆ ಇದರ ಮೇಲೆ ‘ಸುಮಿಗೆ, ಅಮ್ಮ’ ಎಂದಷ್ಟೇ ಇತ್ತು. “ಅದೊಂದು ಇರ್ಲಿ ಬಿಡ್ರೀ” ಎಂದಳು. “ಎಲ್ಲಾ ಕಳಿಸಿ ಒಂದನ್ನ ಉಳಿಸಿದ್ರೆ ಹೇಗೆ ಗೊತ್ತಾಗುತ್ತೆ ಕಣೇ?” ಎಂದೆ. “ನಂಗೆ ಯಾವ ಸದ್ದೂ ಕೇಳ್ತಿಲ್ಲ” ಎಂದಳು. ತವರಿನ ಪರ ಸಾಕ್ಷಿ ಹೇಳುತ್ತಿದ್ದಾಳೆಂದುಕೊಂಡು ನಾನು ಅವಳ ಮಾತು ನಂಬಲಿಲ್ಲ. ಚೊಂಬನ್ನೂ ಸುತ್ತಿ ಮೇಲಿಟ್ಟೆ.

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಮರುದಿನದಿಂದ ಸಾರು ಕುಕ್ಕರಿನಿಂದಲೇ ತಟ್ಟೆಗೆ ಬಂತು, ಮೊಸರು ಪ್ಯಾಕೆಟ್ಟಿನಿಂದಲೇ ಬಂತು. ಬೆಳಿಗ್ಗೆ ನೀರು ಕುಡಿಯಲು ಅವಳ ಕೈ ತಾನಾಗಿ ಸ್ಟ್ಯಾಂಡಿನಲ್ಲಿ ಚೊಂಬಿದ್ದ ಮೂಲೆಗೆ ಹೋಗುತ್ತಿತ್ತು. ಅಲ್ಲಿ ಏನೂ ಇಲ್ಲವೆಂದು ಗೊತ್ತಾಗಿ ಹಿಂದೆ ಬರುತ್ತಿತ್ತು. ಅದನ್ನು ಮೂರು ದಿನ ನೋಡಿದೆ. ನನಗೆ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಿವಿಯೊಳಗಿನ ‘ಚಿರ್ರ್’ ಸಂಕಟಕ್ಕಿಂತ ಜೋರಾಗಿತ್ತು.

ಮೂರನೆಯ ಭಾನುವಾರ ಅಟ್ಟದಲ್ಲಿ ಎಲ್ಲವನ್ನೂ ಇನ್ನಷ್ಟು ಬಿಗಿಯಾಗಿ ಸುತ್ತಿ ಇಳಿದು ಬಂದೆ. ಬೆವರು ಸುರಿಯುತ್ತಿತ್ತು. ಟಿವಿಯಲ್ಲಿ ಯುದ್ಧದ ಸಿನಿಮಾ ಹಾಕಿ ಸೋಫಾದಲ್ಲಿ ಕೂತು, ಮುಖ ಒರೆಸಿಕೊಳ್ಳಲು ಕನ್ನಡಕ ತೆಗೆದೆ. ‘ಧಂ’ ಎಂದಿತು. ಬರೀ ‘ಧಂ’. ಶುದ್ಧವಾದ, ದುಂಡಾದ, ಬಾಲವಿಲ್ಲದ ‘ಧಂ’. ಕನ್ನಡಕ ಹಾಕಿಕೊಂಡೆ, ಚಿರ್ರ್. ತೆಗೆದೆ, ಇಲ್ಲ. ಹಾಕಿಕೊಂಡೆ, ಚಿರ್ರ್. ಬಲಗಿವಿಯ ಪಕ್ಕದ ಕಡ್ಡಿಯ ಸ್ಕ್ರೂ ಸಡಿಲವಾಗಿತ್ತು. ಪ್ರಪಂಚದಲ್ಲಿ ಆ ಸದ್ದು ಕೇಳಿಸುತ್ತಿದ್ದದ್ದು ನನ್ನೊಬ್ಬನಿಗೆ ಮಾತ್ರ. ಒಂದು ಸ್ಕ್ರೂಗಾಗಿ ಹೆಂಡತಿಯ ಇಡೀ ವಂಶವನ್ನು ಅಟ್ಟ ಹತ್ತಿಸಿದ್ದೆ. ನನಗೆ ನಾಚಿಕೆಯಾಯಿತು.

ಹೇಳಿಬಿಡಬೇಕೆಂದೇ ಅಡುಗೆಮನೆಗೆ ಹೋದೆ. “ಸುಮೀ, ನಿನ್ನ ಪಾತ್ರೆಗಳನ್ನೆಲ್ಲ ಇಳಿಸಿಬಿಡ್ತೀನಿ” ಎಂದೆ. ಮುಂದಿನ ವಾಕ್ಯಕ್ಕೆ ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಅವಳು, “ಸದ್ದು ಬರುತ್ತಲ್ರೀ?” ಎಂದಳು. ನನ್ನ ಬಾಯಿಂದ ತಾನಾಗಿ ಹೊರಟದ್ದು, “ಬಂದ್ರೆ ಬರ್ಲಿ ಬಿಡು. ನೀನು ಹೀಗಿರೋದು ನೋಡಕ್ಕಾಗಲ್ಲ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಏಣಿಯ ಕೆಳಗೆ ನಿಂತು ಒಂದೊಂದನ್ನೂ ಹೆಸರು ಓದಿ ಇಳಿಸಿಕೊಂಡಳು. ಅಮ್ಮನ ಚೊಂಬು ಬಂದಾಗ ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಶಿವಣ್ಣನಿಗೆ ಫೋನು ಹೋಯಿತು. “ನಿಮ್ಮ ಭಾವನಿಗೆ ಆ ಸದ್ದು ಕೇಳಿದ್ರೆ ತಲೆ ಕೆಡುತ್ತೆ ಕಣೋ, ಆದ್ರೂ ನಂಗೋಸ್ಕರ ಸಹಿಸ್ಕೊತೀನಿ ಅಂದ್ರು.” ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಬಗ್ಗೆ ಅವಳ ತವರಿಗೆ ಹೋದ ಮೊದಲ ಒಳ್ಳೆಯ ವರದಿ ಅದು. ಅದನ್ನು ನಾನೇ ಅಳಿಸಿಹಾಕಲೇ? ಆಗಲಿಲ್ಲ.

ಸೋಮವಾರ ಕಚೇರಿಯಿಂದ ಬರುತ್ತಾ ಕನ್ನಡಕದಂಗಡಿಗೆ ಹೋದೆ. ಅವರು ಎರಡು ನಿಮಿಷದಲ್ಲಿ ಸ್ಕ್ರೂ ಬಿಗಿದುಕೊಟ್ಟರು. ‘ಚಿರ್ರ್’ ಸತ್ತುಹೋಯಿತು. ಆದರೆ ಅದು ಸತ್ತ ಸುದ್ದಿಯನ್ನು ಮನೆಯಲ್ಲಿ ಹೇಳುವಂತಿಲ್ಲವಲ್ಲ. ಹಾಗಾಗಿ ಸಿನಿಮಾ ನೋಡುವಾಗ ಸುಮಿತ್ರೆ ಪಕ್ಕದಲ್ಲಿದ್ದರೆ, ‘ಧಂ’ ಎಂದಾಗಲೆಲ್ಲ ಸಣ್ಣಗೆ ಮುಖ ಕಿವುಚುತ್ತೇನೆ, ಸಹಿಸಿಕೊಂಡವನಂತೆ. ಮೊದಲನೆಯ ಸಲ ಅವಳು ನನ್ನ ಕೈ ಮೇಲೆ ಕೈಯಿಟ್ಟಳು. ಎರಡನೆಯ ಸಲ, “ಪಾಪ, ಎಷ್ಟೂಂತ ಸಹಿಸ್ಕೊತೀರಾ” ಎಂದು ರಿಮೋಟು ತೆಗೆದುಕೊಂಡು ಬೇಸನ್ನು ಪೂರ್ತಿ ಇಳಿಸಿದಳು. ಅಂದಿನಿಂದ ರಿಮೋಟು ಅವಳ ಮಡಿಲಲ್ಲೇ ಇರುತ್ತದೆ. ಈಗ ನಮ್ಮ ಮನೆಯಲ್ಲಿ ಹೆಲಿಕಾಪ್ಟರ್ ನೆಲಕ್ಕಪ್ಪಳಿಸಿದರೆ ಒಣಗಿದ ಟವೆಲ್ ತಂತಿಯಿಂದ ಬಿದ್ದಷ್ಟು ಸದ್ದಾಗುತ್ತದೆ. ನಿಜ ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅಷ್ಟರಲ್ಲಿ ಅವಳು ತಿರುಗಿ, ಮದುವೆಯಾದ ಹೊಸದರಲ್ಲೂ ನೋಡದಷ್ಟು ಅಕ್ಕರೆಯಿಂದ ನನ್ನನ್ನು ನೋಡುತ್ತಾಳೆ. ನಾನು ಬಾಯಿ ಮುಚ್ಚಿ, ಇನ್ನೊಮ್ಮೆ ಮುಖ ಕಿವುಚುತ್ತೇನೆ.