ಉಪವಾಸದ ರಕ್ತ

ದೇವರೇ, ನನಗೊಂದು ಕಾಯಿಲೆ ಇರಲಿ ಎಂದು ಬೇಡಿಕೊಳ್ಳುವವರು ಕಡಿಮೆ. ನಾನು ಬೇಡಿಕೊಂಡಿದ್ದೆ, ಅದೂ ಹೆಸರು ಹಿಡಿದು. ಬೆಳಿಗ್ಗೆ ನನಗೆ ಏಳಲಾಗುವುದಿಲ್ಲ. ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ಅಡ್ಡಾಗಬೇಕು. ಕಳೆದ ದೀಪಾವಳಿಗೆ ಹೊಲಿಸಿದ ರವಿಕೆಗಳು ಈಗ ನನ್ನ ಗುರುತೇ ಹಿಡಿಯುವುದಿಲ್ಲ. ಇದಕ್ಕೆಲ್ಲ ನಮ್ಮ ಮನೆಯಲ್ಲಿ ಇಟ್ಟಿರುವ ಹೆಸರು ಮೈಗಳ್ಳತನ. ಆದರೆ ಯಲವಿಗಿಯಿಂದ ಬರುವ ನನ್ನ ಸಹೋದ್ಯೋಗಿಗೂ ಇವೇ ಲಕ್ಷಣಗಳಿದ್ದವು. ಪರೀಕ್ಷೆ ಮಾಡಿಸಿದರೆ ಥೈರಾಯ್ಡ್! ಅಂದಿನಿಂದ ಅವಳ ಗಂಡ ಬೆಳಗಿನ ಚಹಾ ತಾನೇ ಮಾಡಿ ಹಾಸಿಗೆಗೆ ತಂದುಕೊಡುತ್ತಾನಂತೆ. ಇದನ್ನು ಕೇಳಿದ ಮೇಲೆ ನನಗೂ ಆ ರೋಗದ ಮೇಲೆ ಮನಸ್ಸಾಯಿತು.

ಡಾಕ್ಟರು ಥೈರಾಯ್ಡ್ ಜೊತೆಗೆ ಸಕ್ಕರೆಯನ್ನೂ ನೋಡಿಬಿಡೋಣ ಎಂದರು. ಸವಣೂರು ಬಸ್ ನಿಲ್ದಾಣದ ಹತ್ತಿರದ ಲ್ಯಾಬಿನವನು, "ನಾಳೆ ಮುಂಜಾನೆ ಉಪಾಸ ಬರ್ರಿ" ಎಂದ. ನಾನು ಆ ಮಾತನ್ನು ಹಾಗೆಯೇ ತಂದು ಅತ್ತೆಯವರಿಗೆ ಒಪ್ಪಿಸಿದೆ, ಏಕೆಂದರೆ ನಮ್ಮ ಮನೆಯಲ್ಲಿ ಉಪವಾಸದ ಖಾತೆ ಅವರದು. ಸ್ವತಃ ಅವರು ಏಕಾದಶಿಯ ದಿನ ನೀರನ್ನೂ ಮುಟ್ಟುವವರಲ್ಲ. ತ್ರಾಣವಿಲ್ಲದ ನಮ್ಮಂಥವರಿಗೆ ಮಾತ್ರ ಹಣ್ಣು, ಹಾಲು, ಸಾಬೂದಾಣಿಗಳ ರಿಯಾಯಿತಿ ಕೊಟ್ಟಿದ್ದಾರೆ.

"ಉಪವಾಸ ಅಂದ್ರ ಅನ್ನ, ರೊಟ್ಟಿ ಮುಟ್ಟಬಾರದು, ಅಷ್ಟ. ಹೊಟ್ಟಿ ಖಾಲಿ ಇಡು ಅಂತ ಯಾರು ಹೇಳ್ಯಾರ?" ಎಂದು ಅವರು ಪಂಚಾಂಗ ತೆಗೆದರು. ನಾಳೆ ದಶಮಿ, ನಾಡಿದ್ದು ಏಕಾದಶಿ. ಹೇಗೂ ಉಪವಾಸ ಮಾಡುವವಳು, ಒಂದು ದಿನ ತಡೆದರೆ ಪುಣ್ಯವೂ ಬರುತ್ತದೆ ಎಂದರು. ಕಾಯಿಲೆಗಾಗಿ ಇಷ್ಟು ದಿನ ಕಾದವಳಿಗೆ ಇನ್ನೊಂದು ದಿನ ಯಾವ ಲೆಕ್ಕ?

ಏಕಾದಶಿಯ ಬೆಳಿಗ್ಗೆ ಶೇಂಗಾಪುಡಿ ಹಾಕಿದ ಸಾಬೂದಾಣಿ ಖಿಚಡಿಯ ಘಮಕ್ಕೆ ನಾನಾಗಿಯೇ ಎದ್ದೆ. ರಕ್ತ ತೆಗೆಯುತ್ತಾರೆ, ಕಣ್ಣಿಗೆ ಕತ್ತಲೆ ಬಂದೀತು ಎಂದು ಅತ್ತೆಯವರು ಮತ್ತೊಂದು ಸಲ ಬಡಿಸಿದರು. ಆಮೇಲೆ ಬಾಳೆಹಣ್ಣು, ಶೇಂಗಾ ಉಂಡಿ, ಕೆನೆಗಟ್ಟಿದ ಹಾಲು. ಚಹಾ ಕುಡಿಯುವುದನ್ನು ನಮ್ಮ ಕಡೆ ತಿನ್ನುವ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಅದನ್ನೂ ಕುಡಿದೆ. ಪಕ್ಕದಲ್ಲಿ ಉಪವಾಸದ ಗೊಡವೆಯಿಲ್ಲದ ನಮ್ಮವರು ತಟ್ಟೆ ತುಂಬ ಸವಣೂರ ಖಾರಾ ಹಾಕಿಕೊಂಡು ಕೂತಿದ್ದರು. ನನ್ನ ಕೈ ಅತ್ತ ಹೋದದ್ದೇ ತಡ, ಅದರಲ್ಲಿ ಕಡಲೆಹಿಟ್ಟಿದೆ, ಉಪವಾಸ ಮುರಿಯುತ್ತದೆ ಎಂದು ಅತ್ತೆಯವರು ಗದರಿದರು. ನನ್ನ ಸಂಯಮಕ್ಕೆ ನಾನೇ ಹೆಮ್ಮೆಪಡುತ್ತ, ದಾರಿಯುದ್ದಕ್ಕೂ ತೇಗುತ್ತ ಲ್ಯಾಬಿಗೆ ಹೋದೆ.

ಲ್ಯಾಬಿನವನು ಸೂಜಿ ಹಿಡಿದು, ಏನೂ ತಿಂದಿಲ್ಲ ತಾನೇ ಎಂದು ಕೇಳಿದ. ಏಕಾದಶಿಯ ದಿನ ಸುಳ್ಳು ಹೇಳಬಾರದೆಂದು ಚಹಾದಿಂದ ಶುರುಮಾಡಿ ಹಿಂದಕ್ಕೆ ಒಂದೊಂದಾಗಿ ಹೇಳಿದೆ. ಖಿಚಡಿಗೆ ಬರುವಷ್ಟರಲ್ಲಿ ಅವನು ಸೂಜಿಯನ್ನು ಮೇಜಿನ ಮೇಲಿಟ್ಟಿದ್ದ.

"ಉಪಾಸ ಇಲ್ಲದ ದಿನ ಮುಂಜಾನೆ ಏನ್ ತಗೋತೀರಿ, ಮೇಡಂ?"

"ಅರ್ಧ ಕಪ್ ಚಹಾ."

"ಹಂಗಾರ ನಾಳೆ ಉಪಾಸ ಮಾಡಬ್ಯಾಡ್ರಿ. ಖಾಲಿ ಹೊಟ್ಟೀಲೆ ಬರ್ರಿ."

ಆಮೇಲೆ ಅವನೇ ಸಮಾಧಾನ ಹೇಳಿದ. ಖಾಲಿ ಹೊಟ್ಟೆ ಬೇಕಾದದ್ದು ಸಕ್ಕರೆಯ ಪರೀಕ್ಷೆಗೆ. ಥೈರಾಯ್ಡ್ ಒಂದಕ್ಕೇ ಆದರೆ ಉಂಡು ಬಂದರೂ ನಡೆಯುತ್ತದಂತೆ. ಆ ರಕ್ತವನ್ನು ಅವತ್ತೇ ತೆಗೆದುಕೊಂಡ. ಅಂದರೆ ಖಾರಾ ತಿಂದಿದ್ದರೂ ನಡೆಯುತ್ತಿತ್ತು! ನನ್ನ ಹೊಟ್ಟೆ ಉರಿಯಿತು. ಮರುದಿನ ದ್ವಾದಶಿಯ ಪಾರಣೆಯ ಊಟ ಬಿಟ್ಟು ಓಡಿಹೋಗಿ ಸಕ್ಕರೆಯ ರಕ್ತವನ್ನೂ ಕೊಟ್ಟು ಬಂದೆ.

ಸಂಜೆ ರಿಪೋರ್ಟು ಬಂತು. ಸಕ್ಕರೆ ಸರಿ, ಥೈರಾಯ್ಡೂ ಸರಿ. ನಮ್ಮವರು ಅದನ್ನು ಎರಡು ಸಲ ಓದಿ, "ನಿನಗ ಏನೂ ಆಗಿಲ್ಲ" ಎಂದು ಬಾಯ್ತುಂಬ ನಕ್ಕರು. ನನಗೆ ನಿಜಕ್ಕೂ ಅಳು ಬಂತು. ಅತ್ತೆಯವರೊಬ್ಬರೇ ನನ್ನ ಪಕ್ಷ ವಹಿಸಿದರು.

"ಏಕಾದಶಿ ರಕ್ತ, ಶುದ್ಧನ ಇರ್ತದ. ದ್ವಾದಶಿ ಊಟ ಮಾಡಿ ಕೊಟ್ಟಿದ್ರ ಏನಾರ ಸಿಗ್ತಿತ್ತು."

ಹೀಗೆ ನನ್ನ ಮೈಗಳ್ಳತನ ಯಾವ ಗ್ರಂಥಿಯ ಹಂಗೂ ಇಲ್ಲದ್ದು, ಸಂಪೂರ್ಣ ನನ್ನ ಸ್ವಂತದ್ದು ಎಂದು ಸಾಬೀತಾಯಿತು. ರಿಪೋರ್ಟನ್ನು ನಮ್ಮವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ದಿನಾ ಬೆಳಿಗ್ಗೆ ಎಲ್ಲರ ಚಹಾಕ್ಕೆ ಹಾಲು ತೆಗೆಯಲು ಅದರ ಎದುರು ನಿಲ್ಲುವವಳು ನಾನೇ.