ಕೊಯ್ದಿಟ್ಟರೆ ಕಪ್ಪಾಗುವ ಹಣ್ಣು

ನಮ್ಮ ಸೋದರಮಾವನ ಬೋಳುತಲೆಯ ಮೇಲೆ ಕಾಗೆ ಕೂತು ತಿಂಡಿ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ನಿಂತಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಮಾತನ್ನು ಯಾರೂ ನಂಬುವುದಿಲ್ಲ. ಜಯನಗರದ ಅವರ ಮನೆಯ ಗೇಟಿನ ಒಳಗೆ, ಬಲಗಡೆ, ಪಾರಿಜಾತದ ಗಿಡಕ್ಕೆ ಎರಡು ಹೆಜ್ಜೆ ಈಚೆಗೆ ನಿಂತಿದ್ದೆ. ಆಷಾಢದ ಭಾನುವಾರ, ಬೆಳಿಗ್ಗೆ ಎಂಟೂವರೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಾವ ಜಗಲಿಯ ಮೇಲೆ ಎಳೆಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದರು. ತಲೆಯ ತುಂಬ ಹಸಿರು ಲೇಪ. ಕಾಗೆ ಬಂತು, ಕೂತಿತು, ಮೂರು ಸಲ ಕುಕ್ಕಿತು. ನಾಲ್ಕು ಸಲ ಅಂತ ಅತ್ತೆ ಕೊನೆಯವರೆಗೂ ವಾದ ಮಾಡುತ್ತಿದ್ದರು. ನಾನು ಎಣಿಸಿದ್ದು ಮೂರು.

ಲೇಪ ಬೆಣ್ಣೆಹಣ್ಣಿನದು. ಅದನ್ನು ಹಚ್ಚಿದರೆ ಒಂದು ತಿಂಗಳಲ್ಲಿ ಕೂದಲು ಬರುತ್ತದೆ ಅನ್ನುವುದು ಮಾವನ ಸಿದ್ಧಾಂತ. ಬಂತೇ? ಬರಲಿಲ್ಲ. ಆ ಕಾಗೆಯ ಪುಕ್ಕ ಮಾತ್ರ ಆ ವರ್ಷ ಬಹಳ ಹೊಳೆಯುತ್ತಿತ್ತು ಅಂತ ನನ್ನ ನಂಬಿಕೆ!

ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿ ಮಾವನ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಆಗಿನ ಜಯನಗರ ಅರ್ಧ ನಿದ್ದೆಯಲ್ಲಿತ್ತು. ರಸ್ತೆಗಳು ಬಂದಿದ್ದವು, ಮನೆಗಳು ಇನ್ನೂ ಬಂದಿರಲಿಲ್ಲ. ಸೈಟಿನ ಕಲ್ಲುಗಳು ಹುಲ್ಲಿನಲ್ಲಿ ಮೈಮರೆತು ಮಲಗಿದ್ದವು. ಸಂಜೆ ಬನಶಂಕರಿ ಕಡೆಯಿಂದ ಗುಡಿಯ ಗಂಟೆ ತೇಲಿ ಬರುತ್ತಿತ್ತು, ಯಾರೋ ನೀರಿನ ಅಡಿಯಲ್ಲಿ ಬಾರಿಸಿದ ಹಾಗೆ. ಮನೆಯಲ್ಲಿ ಮಾವ, ಅತ್ತೆ, ಅವರ ಹತ್ತು ವರ್ಷದ ಮಗಳು ಪದ್ದು, ಮತ್ತೆ ನನ್ನ ದೊಡ್ಡಮ್ಮ. ದೊಡ್ಡಮ್ಮ ಅಂದರೆ ಮಾವನ ದೊಡ್ಡಕ್ಕ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ತಮ್ಮನ ಜೊತೆಗಿದ್ದವಳು, ಬೋಳುತಲೆಯ ಆ ತಮ್ಮನನ್ನು ಇನ್ನೂ ಪುಟ್ಟು ಅಂತಲೇ ಕರೆಯುತ್ತಿದ್ದವಳು.

ಆ ವರ್ಷ ಬೇಸಿಗೆಯಲ್ಲಿ ದೊಡ್ಡಮ್ಮನಿಗೆ ಜ್ವರ ಬಂದು ಇಪ್ಪತ್ತೊಂದು ದಿನ ಇಳಿಯಲಿಲ್ಲ. ಇಳಿದಾಗ ಅವಳ ಮೈಯಲ್ಲಿ ಎಲುಬು ಬಿಟ್ಟು ಬೇರೇನೂ ಇರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ಸೇದಲು ಹೋಗಿ ಹಗ್ಗ ಹಿಡಿದುಕೊಂಡೇ ಕುಸಿದು ಕೂತಿದ್ದನ್ನು ನಾನು ನೋಡಿದೆ. ಡಾಕ್ಟರು ಮಾವನನ್ನು ಬಾಗಿಲ ಬಳಿ ಕರೆದು, "ಜಿಡ್ಡಿನ ಪದಾರ್ಥ ಹೊಟ್ಟೆಗೆ ಹೋಗಬೇಕು. ಇಲ್ಲದಿದ್ರೆ ಈ ಮಳೆಗಾಲ ದಾಟೋದು ಕಷ್ಟ" ಅಂದರು.

ಹೊಟ್ಟೆಗೆ ಹೋಗುವುದು ಹೇಗೆ? ದೊಡ್ಡಮ್ಮನದು ಒಪ್ಪತ್ತು ಊಟ. ಅದೂ ಎಲ್ಲರದ್ದೂ ಆದ ಮೇಲೆ. ಅವಳಿಗೇಂತ ತುಪ್ಪ ತಂದರೆ ಪದ್ದುವಿನ ಅನ್ನಕ್ಕೆ ಹೋಗುತ್ತಿತ್ತು. ಹಾಲು ಕಾಯಿಸಿಟ್ಟರೆ ನನ್ನ ಕಾಫಿಗೆ ಬರುತ್ತಿತ್ತು. "ನಂಗ್ಯಾಕೋ ಅದೆಲ್ಲ? ಬೆಳೆಯೋ ಮಕ್ಳು ತಿನ್ಲಿ" ಅನ್ನುವಳು. ನನಗೆ ಇಪ್ಪತ್ತನಾಲ್ಕು. ನಾನು ಇನ್ನೆಲ್ಲಿಗೆ ಬೆಳೆಯಬೇಕಿತ್ತು?

ಇಂಥ ಚಿಂತೆಯ ಹೊತ್ತಿನಲ್ಲಿ ಮಾವನಿಗೆ ಬೆಣ್ಣೆಹಣ್ಣಿನ ಹುಚ್ಚು ಹಿಡಿಯಿತು. ಅಕ್ಕ ಹಾಗೆ ಮಲಗಿರುವಾಗ ಈ ಮನುಷ್ಯ ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಕೈಚೀಲ ನೇತುಹಾಕಿಕೊಂಡು ದಿನಾ ಹಣ್ಣು ತರುವುದೆಂದರೆ! ಲಾಲ್‌ಬಾಗಿನ ಆಚೆ ಹಳೇ ಬಂಗಲೆಯೊಂದರ ತೋಟದ ಮಾಲಿ ಇವರಿಗೆ ಗುರು. ಆ ಬಂಗಲೆಯ ದೊರೆ ದಿನಾ ಒಂದು ಹಣ್ಣು ತಿಂದು ತೊಂಬತ್ತರವರೆಗೂ ಕನ್ನಡಕ ಹಾಕಲಿಲ್ಲವಂತೆ.

"ಆಮೇಲೇನಾಯ್ತು ಮಾವ?" ಅಂದೆ.

"ಕುದುರೆಯಿಂದ ಬಿದ್ದು ಸತ್ತ."

"ಕಣ್ಣು ಕಾಣಿಸ್ತಿರಲಿಲ್ವೇನೋ?"

"ಲೋ, ಕುದುರೆಗೆ ಕಾಣಿಸ್ತಿರಲಿಲ್ಲ. ಅದು ಬೆಣ್ಣೆಹಣ್ಣು ತಿಂದಿರಲಿಲ್ಲ!"

ನರಕ್ಕೆ ಒಳ್ಳೇದು, ಕರುಳಿಗೆ ಒಳ್ಳೇದು, ಹೃದಯಕ್ಕೆ ಒಳ್ಳೇದು, ಮಂಡಿ ನೋವಿಗೆ, ಮರೆವಿಗೆ, ಮೊಡವೆಗೆ. ಎದುರು ಸೈಟಿನ ಗಾರೆ ಕೆಲಸದವರನ್ನೂ ಬಿಡಲಿಲ್ಲ. "ನಿಮ್ಮ ಸೊಂಟಕ್ಕೆ ಇದು ಅಮೃತ ಕಣಯ್ಯ" ಅಂತ ಮೇಸ್ತ್ರಿಗೆ ಒಂದು ಹಣ್ಣು ಕೊಟ್ಟರು. ಮೇಸ್ತ್ರಿ ಅದನ್ನು ಮೂಸಿ ನೋಡಿ, "ಬುದ್ಧಿ, ಇದನ್ನ ಸೊಂಟಕ್ಕೆ ಒಳಗಿಂದ ಹಚ್ಚೋದೋ ಹೊರಗಿಂದಲೋ?" ಅಂತ ಕೇಳಿದ.

ಮನೆಯಲ್ಲಿ ಹಂಚುವ ಕ್ರಮ ಹೀಗಿತ್ತು. ಸಂಜೆ ಆರಕ್ಕೆ ಮಾವ ಮೊರದ ಮುಂದೆ ಚಕ್ಕಂಬಕ್ಕಲ ಹಾಕಿ ಕೂತು, ತಂದ ಹಣ್ಣನ್ನೆಲ್ಲ ಒಂದೂ ಬಿಡದೆ ಎರಡೆರಡು ಹೋಳು ಮಾಡಿ ಸಾಲಾಗಿ ಇಡುವರು. ಈ ಹಣ್ಣಿನ ಗುಣ ನಿಮಗೆ ಗೊತ್ತು. ಕೊಯ್ದು ಅರ್ಧ ಗಂಟೆ ಬಿಟ್ಟರೆ ಮುಖ ಕಪ್ಪಗೆ ಮಾಡಿಕೊಳ್ಳುತ್ತದೆ.

"ರೀ, ಬೇಕಾದಷ್ಟು ಕೊಯ್ಯಬಾರ್ದೆ? ದಿನಾ ಇಷ್ಟೊಂದು ದಂಡ ಆಗತ್ತೆ" ಅಂತ ಅತ್ತೆ.

"ಒಟ್ಟಿಗೆ ಕೊಯ್ದರೇ ಸತ್ವ."

"ಹೋಗಲಿ, ಒಂದಿಷ್ಟು ಹಾಲು, ಸಕ್ಕರೆ ಹಾಕ್ತೀನಿ. ಮಕ್ಳು ತಿಂತಾವೆ."

"ಸಕ್ಕರೆ ಬಿದ್ರೆ ಸತ್ವ ಸತ್ತೇ ಹೋಯ್ತು!"

ಆದ್ದರಿಂದ ನಮಗೆ ಸಿಗುತ್ತಿದ್ದದ್ದು ಸಪ್ಪೆ ಹೋಳು, ಅದರ ಮೇಲೆ ಒಂದು ಚಿಟಿಕೆ ಮೆಂತ್ಯದ ಪುಡಿ. ಪದ್ದು "ಥೂ! ಅಪ್ಪಾ, ಸೋಪು ತಿಂದ ಹಾಗಿದೆ" ಅಂತ ಓಡುವಳು. ಅತ್ತೆ ಮುಖ ತಿರುಗಿಸುವರು. ಒಂದು ದಿನ ನಾನು ದಾಕ್ಷಿಣ್ಯಕ್ಕೆ, ಪುಡಿ ಕೊಡವಿ ತಿಂದು, "ಪರವಾಗಿಲ್ಲ ಮಾವ, ಇನ್ನೊಂದು ಕೊಡಿ" ಅಂದೆ. ತನ್ನ ಸಿದ್ಧಾಂತಕ್ಕೆ ಮೊದಲ ಶಿಷ್ಯ ಸಿಕ್ಕಿದಾಗ ಯಾರಾದರೂ ಹಿಗ್ಗಬೇಕಲ್ಲವೆ? ಮಾವನ ಮುಖ ಸಪ್ಪಗಾಯಿತು. ಮಾರನೆಯ ದಿನ ನನ್ನ ಹೋಳಿಗೆ ಹರಳೆಣ್ಣೆ ಸವರಿದ್ದರು! ಸತ್ವ ಹೆಚ್ಚಾಗಲಿ ಅಂತಂತೆ. ಆ ರಾತ್ರಿಯ ವಿವರ ಬೇಡ. ನಾನು ಮತ್ತೆ ಆ ಮೊರದ ಕಡೆ ತಲೆ ಹಾಕಲಿಲ್ಲ.

ಇಷ್ಟು ನಗಲಿಕ್ಕಾಯಿತು. ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ.

ಶ್ರಾವಣದ ಒಂದು ಮಂಗಳವಾರ, ಸಂಜೆ ಆರೂ ಮುಕ್ಕಾಲು. ಆಫೀಸಿನಿಂದ ಬಂದವನು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಎಡಕ್ಕೆ ನಿಂತಿದ್ದೆ. ಮಳೆ ಅನ್ನುವ ಹಾಗಿರಲಿಲ್ಲ, ಗಾಳಿಯೇ ಒದ್ದೆಯಾಗಿತ್ತು. ಖಾಲಿ ಸೈಟುಗಳ ಮೇಲೆ ಬೆಳಕು ಹಾಲಿಗೆ ನೀರು ಬೆರೆಸಿದಂತೆ ತೆಳ್ಳಗಾಗುತ್ತಿತ್ತು. ಅಡಿಗೆಮನೆಯ ಕಿಟಕಿಯೊಳಗೆ ಒಂದು ಬುಡ್ಡಿದೀಪ. ದೊಡ್ಡಮ್ಮ ಒಳಗೆ ಬಂದಳು. ಮೊರದಲ್ಲಿ ಅಂಚು ಕಪ್ಪಾಗುತ್ತಿದ್ದ ಏಳು ಹೋಳು ಹಾಗೇ ಇದ್ದವು.

"ಅಯ್ಯೋ, ದೇವರು ಕೊಟ್ಟಿದ್ದನ್ನ ಹೀಗೆ ಹಾಳು ಮಾಡ್ತಾವಲ್ಲ" ಅಂತ ಗಟ್ಟಿಯಾಗಿ ಅಂದಳು. ದೀಪವನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದಳು. ಪಕ್ಕದಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದೇ ಇತ್ತು. ಒಂದು ಚೂರು ಮುರಿದುಕೊಂಡು ಕೂತಳು, ಒಂದು ಹೋಳು ತೆಗೆದು ನಿಧಾನವಾಗಿ ತಿನ್ನತೊಡಗಿದಳು.

ಆಗ ನೋಡಿದೆ. ಒಣಗಲು ಹಾಕಿದ್ದ ಸೀರೆಯ ಹಿಂದೆ ಮಾವ ನಿಂತಿದ್ದರು. ಬೋಳುತಲೆಯ ಮೇಲೆ ಹನಿಗಳು. ಕಣ್ಣು ಕಿಟಕಿಯ ಮೇಲೆ. ಬೆರಳ ಗೆಣ್ಣು ಮುಟ್ಟಿ ಎಣಿಸುತ್ತಿದ್ದರು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ತುಟಿ ಅದುರಿತು.

ನನ್ನನ್ನು ಕಂಡು ತೋಳು ಹಿಡಿದು ಬಾವಿಯ ಹಿಂದಕ್ಕೆ ಎಳೆದುಕೊಂಡು ಹೋದರು. "ಬಾಯಿ ಬಿಟ್ರೆ ಹುಷಾರ್!"

"ಮಾವ, ಇದು..."

"ಅವಳಿಗೇಂತ ತಂದಿದ್ದನ್ನ ಯಾವತ್ತಾದ್ರೂ ಮುಟ್ಟಿದ್ದಾಳೇನೋ? ಉಳಿದದ್ದು ಮಾತ್ರ ತಿಂತಾಳೆ. ಹಾಳಾಗತ್ತಲ್ಲ ಅಂತ. ಬಾಳೆಹಣ್ಣು ತಂದ್ರೆ ನಾಳೆಗೆ ಮಕ್ಳಿಗಾಗತ್ತೆ ಅಂತ ಎತ್ತಿಡ್ತಾಳೆ. ಇದನ್ನ ಎತ್ತಿಡಕ್ಕಾಗಲ್ಲ." ತಲೆಯ ಮೇಲಿನ ಹನಿ ಒರೆಸಿಕೊಂಡರು. "ಅಮ್ಮ ಹೋದಾಗ ನಂಗೆ ಮೂರು ವರ್ಷ. ಅಕ್ಕನ ಪಾಲೆಲ್ಲ ತಿಂದು ಬೆಳೆದೋನು ನಾನು. ನೀನೂ ನಾಳೆ ಥೂ ಅನ್ನು, ಜೋರಾಗಿ."

ಮಾರನೆಯ ದಿನದಿಂದ ನಾನು ಎಷ್ಟು ಜೋರಾಗಿ ಥೂ ಅಂದೆನೆಂದರೆ ಎದುರಿನ ಮೇಸ್ತ್ರಿ ಗಾರೆ ಕಲಸುವುದು ನಿಲ್ಲಿಸಿ ನೋಡುತ್ತಿದ್ದ.

ದೀಪಾವಳಿಯ ನೀರು ತುಂಬುವ ದಿನ ದೊಡ್ಡಮ್ಮ ಬಾವಿಯಿಂದ ಆರು ಕೊಡ ಸೇದಿದಳು. ಇದನ್ನೂ ಎಣಿಸಿದ್ದೇನೆ. ಆಮೇಲೆ ಹದಿನಾಲ್ಕು ವರ್ಷ ಬದುಕಿದಳು. ಮಾವ ತನ್ನ ಗುಟ್ಟು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ ಅನ್ನುವ ಹೆಮ್ಮೆಯಲ್ಲೇ ಹೋದರು. ನಾನೂ ಹಾಗೇ ತಿಳಿದಿದ್ದೆ.

ಈಗ ಅವರು ಯಾರೂ ಇಲ್ಲ. ಆ ಸಂಜೆಯನ್ನು ನೋಡಿದವರಲ್ಲಿ ನನ್ನನ್ನು ಬಿಟ್ಟು ಉಳಿದಿರುವವಳು ಪದ್ದು ಒಬ್ಬಳೇ. ಕೋಣನಕುಂಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳು ಅಡಿಗೆಮನೆಯ ಒಳಗೆ, ಒರಳಿನ ಪಕ್ಕ ಕೂತಿದ್ದಳಂತೆ. ಹೋದ ತಿಂಗಳು ಅವಳನ್ನು ನೋಡಲು ಹೋದಾಗ ಕೇಳಿದೆ.

"ದೊಡ್ಡಮ್ಮ ದೀಪ ಯಾಕೆ ಕಿಟಕಿಗೆ ಸರಿಸಿದ್ರು ಪದ್ದು? ಅವರಿಗೆ ಕಣ್ಣು ಮಂಜಾಗಿತ್ತಾ?"

"ನಾನೂ ಅದೇ ಕೇಳ್ದೆ ಕಣೋ ಆವತ್ತು," ಅಂದಳು ಪದ್ದು. "ನಿನ್ನ ದೊಡ್ಡಮ್ಮ ತುಟಿ ಮೇಲೆ ಬೆರಳಿಟ್ಟುಕೊಂಡು, 'ಪುಟ್ಟು ಹೊರಗೆ ಮಳೇಲಿ ನಿಂತು ಎಣಿಸ್ತಿದಾನೆ. ಪಾಪ, ಕತ್ತಲೇಲಿ ಲೆಕ್ಕ ತಪ್ಪತ್ತೆ' ಅಂದ್ಳು."