ಕೆಡಿಸಿದ ಕೈಯೇ ಬರಬೇಕು

ಅಚ್ಚುಕಟ್ಟಿನ ಹುಡುಗಿ ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಅದರಿಂದ ಒಂದು ದೊಡ್ಡ ಅನುಕೂಲವಿದೆ. ಮನೆಯಲ್ಲಿ ಏನೇ ಮುರಿದರೂ ಯಾರೂ ನಿಮ್ಮ ಕಡೆ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಗಾಜಿನ ಲೋಟ ಒಡೆದರೆ ಅಣ್ಣ, ಮಿಕ್ಸಿ ಸುಟ್ಟರೆ ಅಮ್ಮ, ರಿಮೋಟ್ ಕಳೆದರೆ ಅಪ್ಪ. ಇದು ತೀರ್ಮಾನವಾಗಿ ವರ್ಷಗಳಾಗಿವೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ಪುಸ್ತಕಗಳಿಗೆ ರಟ್ಟು ಇರುತ್ತದೆ, ಪೆನ್ನುಗಳಿಗೆ ಮುಚ್ಚಳ ಇರುತ್ತದೆ. ಆದ್ದರಿಂದ ನಾನು ಏನನ್ನೂ ಕೆಡಿಸುವುದಿಲ್ಲ. ಈ ನಂಬಿಕೆಯ ನೆರಳಿನಲ್ಲಿ ನಾನು ನಡೆಸಿದ ಒಂದು ಹೀನ ಕೆಲಸವನ್ನು ಈಗ ಹೇಳುತ್ತೇನೆ. ನೀವು ನನ್ನ ಮುಖ ನೋಡಿಲ್ಲ, ಹಾಗಾಗಿ ಹೇಳುವುದು ಸುಲಭ. ಇಡೀ ತಕರಾರು ಶುರುವಾದದ್ದೇ ಆ ಮುಖದಿಂದ.

ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಣ್ಣನ ಹೆಂಡತಿ ಸವಿತಾ ಅತ್ತಿಗೆ ಮದುಮಕ್ಕಳಿಗೆ ಮೇಕಪ್ ಮಾಡುತ್ತಾರೆ. ಹೋದ ವರ್ಷ ಅವರು ಒಂದು ಏರ್‌ಬ್ರಷ್ ತರಿಸಿದರು. ಹೆಸರಿನಲ್ಲಿ ಮಾತ್ರ ಬ್ರಷ್. ನೋಡಲು ದಪ್ಪ ಪೆನ್ನಿನ ಹಾಗಿರುವ ಪುಟ್ಟ ಪಿಚಕಾರಿ. ಕೆಳಗೆ ಗಾಳಿಯ ಕೊಳವೆ, ಮೇಲೆ ಒತ್ತುವ ಗುಂಡಿ, ನಾಲ್ಕು ಹನಿ ಬಣ್ಣ ಹಿಡಿಯುವ ಬಟ್ಟಲು. ಒತ್ತಿದರೆ ಮೂತಿಯಿಂದ ಬಣ್ಣ ಮಂಜಿನ ಹಾಗೆ ಬಂದು ಮುಖದ ಮೇಲೆ ಕೂರುತ್ತದೆ. ಅದು ಬಂದ ದಿನ ಊಟಕ್ಕೆ ಕೂತಾಗ ನಾನು, "ಅಂದ್ರೆ ಗ್ಯಾರೇಜಲ್ಲಿ ಕಾರಿಗೆ ಬಣ್ಣ ಹೊಡೀತಾರಲ್ಲ, ಹಾಗೆ" ಎಂದಿದ್ದೆ. ಎಲ್ಲರೂ ನಕ್ಕರು, ಅತ್ತಿಗೆಯೂ ನಕ್ಕರು. ನಾನು ಪೌಡರ್ ಬಿಟ್ಟು ಬೇರೇನೂ ಹಚ್ಚದವಳು. ಅದನ್ನು ಸರಳತೆ ಎಂದು ಜನ ಹೊಗಳುತ್ತಾರೆ, ನಾನೂ ಹೊಗಳಿಸಿಕೊಳ್ಳುತ್ತೇನೆ.

ಇಂಥ ನಾನು ಒಂದು ಗುರುವಾರ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅತ್ತಿಗೆಯ ಕೋಣೆಯ ಬಾಗಿಲು ಹಾಕಿಕೊಂಡು ಆ ಗ್ಯಾರೇಜಿನ ಯಂತ್ರವನ್ನು ನನ್ನ ಮುಖಕ್ಕೇ ಹಿಡಿದೆ. ಯಾಕೆ ಎಂದು ಕೇಳಬೇಡಿ. ಪರಿಣಾಮ ಏನೆಂದರೆ, ಹಿಟ್ಟಿನ ಡಬ್ಬಿಗೆ ತಲೆ ಹಾಕಿದ ಬೆಕ್ಕಿನ ಹಾಗೆ ಕಂಡೆ. ಆದರೂ ಕನ್ನಡಿಯ ಮುಂದಿಂದ ಹತ್ತು ನಿಮಿಷ ಕದಲಲಿಲ್ಲ. ಬಲಕ್ಕೆ ತಿರುಗಿ ನೋಡಿದೆ, ಎಡಕ್ಕೆ ತಿರುಗಿ ನೋಡಿದೆ, ಒಮ್ಮೆ ನಕ್ಕೂ ನೋಡಿದೆ. ನಿಜವಾಗಿ ಬಚ್ಚಿಡಬೇಕಾದದ್ದು ಆ ಹತ್ತು ನಿಮಿಷ. ಉಳಿದದ್ದೆಲ್ಲ ಅದನ್ನು ಮುಚ್ಚಲು ಆದ ಖರ್ಚು.

ಮುಖ ತೊಳೆದೆ. ಇನ್ನು ಏರ್‌ಬ್ರಷ್ ತೊಳೆಯಬೇಕಲ್ಲ? ಬೇರೆ ಯಾರಾದರೂ ಆಗಿದ್ದರೆ ಬಟ್ಟಲಿಗೆ ನೀರು ಹಾಕಿ ಒಮ್ಮೆ ಒತ್ತಿ ಇಟ್ಟುಬಿಡುತ್ತಿದ್ದರು. ನಾನು ಅಚ್ಚುಕಟ್ಟಿನವಳು. ಪೂರ್ತಿ ಬಿಚ್ಚಿ, ಒಂದೊಂದನ್ನೂ ಒರೆಸಿ, ಸಾಲಾಗಿ ಜೋಡಿಸಿದೆ. ಮತ್ತೆ ಹಾಕುವಾಗ ಕೊನೆಗೆ ಮೂತಿಯ ಟೋಪಿ ಉಳಿಯಿತು. ಕಡಲೆಕಾಳಿನಷ್ಟು ಚಿಕ್ಕದು. ಅರ್ಧ ಸುತ್ತು ಹೋಗಿ ನಿಂತಿತು. ಸ್ವಲ್ಪ ಓರೆಯಾಗಿ ಕೂತಿದ್ದು ಕಾಣುತ್ತಿತ್ತು, ಆದರೆ ಅತ್ತಿಗೆ ಬರುವ ಹೊತ್ತಾಗಿತ್ತು. ಪ್ರತಿ ವರ್ಷ ಲ್ಯಾಬಿನಲ್ಲಿ ಹುಡುಗಿಯರಿಗೆ ಸ್ಕ್ರೂ ಗೇಜ್ ಕೊಟ್ಟು, "ಬಲ ಹಾಕಬೇಡಿ, ಅದಾಗಿಯೇ ಹೋಗಬೇಕು" ಎಂದು ಹೇಳುವ ನಾನು, ಅಪ್ಪನ ಡಬ್ಬಿಯಿಂದ ಇಕ್ಕಳ ತಂದು ಕಚ್ಚಿಸಿ ತಿರುಗಿಸಿದೆ. ಒಳಗೆ ಏನೋ ಕಿರುಗುಟ್ಟಿತು. ಟೋಪಿ ಕೂತಿತು. ನಾನು ಡಬ್ಬಿ ಮುಚ್ಚಿದೆ.

ಸಂಜೆ ಅತ್ತಿಗೆ ಅದನ್ನು ಮುಂಗೈ ಮೇಲೆ ಒತ್ತಿ ನೋಡಿದರು. "ಇದ್ಯಾಕ ಹಿಂಗ್ ಉಗುಳ್ತೈತೆ?" ಎಂದು ಅಡುಗೆಮನೆಗೆ ಬಂದರು. ಮಂಜಿನ ಬದಲು ದಪ್ಪ ಹನಿಗಳು ಬೀಳುತ್ತಿದ್ದವು. ಭಾನುವಾರ ಮಲೆಬೆನ್ನೂರಿನಲ್ಲಿ ಮದುವೆ. ಏರ್‌ಬ್ರಷ್‌ನಲ್ಲೇ ಮಾಡುತ್ತೇನೆಂದು ಮದುಮಗಳಿಗೆ ಮಾತು ಕೊಟ್ಟಿದ್ದರು. ಟೋಪಿ ಬಿಚ್ಚಿ ನೋಡಿದರೆ ಅದು ಕೂರುವ ಕಡೆ ಹಿತ್ತಾಳೆಯ ಥ್ರೆಡ್, ಅಂದರೆ ಆ ಸುರುಳಿ ಗೆರೆಗಳು, ನುಜ್ಜುಗುಜ್ಜಾಗಿದ್ದವು. "ಮೊನ್ನೆ ಆನೆಕೊಂಡದಿಂದ ಬರೋವಾಗ ಬ್ಯಾಗ್ ಬೀಳಿಸಿದ್ದೆ ನೋಡು ವೀಣಾ, ಅದಕ್ಕೇ ಆಗೈತೆ. ನನ್ನ ಕೈಯಾಗ ಒಂದು ವಸ್ತು ಉಳಿಯಲ್ಲ" ಎಂದು ತಮ್ಮನ್ನೇ ಬೈದುಕೊಂಡರು. ನಾನು ಚಪಾತಿ ಲಟ್ಟಿಸುತ್ತಾ, "ಇರಬಹುದು" ಎಂದೆ. ಆ ಚಪಾತಿ ಮಾತ್ರ ಬಹಳ ದುಂಡಗೆ ಬಂದಿತ್ತು.

ಪಾಪಪ್ರಜ್ಞೆ ಮನುಷ್ಯರನ್ನು ಉಪಕಾರಿಗಳನ್ನಾಗಿ ಮಾಡುತ್ತದೆ. ರಿಪೇರಿ ಮಾಡಿಸಿಕೊಂಡು ಬರುತ್ತೇನೆಂದು ನಾನೇ ಮುಂದೆ ಬಂದೆ. "ನಿನ್ನಂಥ ನಾದಿನಿ ಯಾರಿಗೈತೆ ಹೇಳು" ಎಂದರು ಅತ್ತಿಗೆ. ಶುಕ್ರವಾರ ಕಾಲೇಜು ಮುಗಿಸಿ ಹರಿಹರಕ್ಕೆ ಹೋದೆ. ಅಲ್ಲಿ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದ ಹಾಲಪ್ಪ ಎಂಬುವರು ಮನೆಯ ಪಕ್ಕದ ಶೆಡ್ಡಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತಾರೆಂದು ನಮ್ಮ ಲ್ಯಾಬಿನ ಅಟೆಂಡರ್ ಹೇಳಿದ್ದ. ಅವರು ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿ, ಮೊದಲು ಕೇಳಿದ್ದೇ, "ಇದಕ್ಕೆ ಇಕ್ಕಳ ಹಾಕಿದ್ದು ಯಾರು, ತಾಯಿ? ಟೋಪಿ ಮ್ಯಾಲೆ ಹಲ್ಲಿನ ಗುರ್ತು ಕೂತೈತೆ."

"ನಮ್ಮ ಅತ್ತಿಗೆ" ಎಂದೆ. ಯೋಚಿಸದೆ ಬಂದ ಮಾತು ಅದು. ಯೋಚಿಸಿದ್ದರೂ ಬಹುಶಃ ಅದೇ ಬರುತ್ತಿತ್ತು.

"ಹಿತ್ತಾಳೆ ಅಂದ್ರೆ ಬೆಣ್ಣೆ ಇದ್ದಂಗೆ. ಬೆಣ್ಣೆಗೆ ಯಾರಾದ್ರೂ ಇಕ್ಕಳ ಹಾಕ್ತಾರಾ? ಏನ್ ಓದ್ಯಾರ ಅವ್ರು?"

"ಪಿಯುಸಿ."

"ನೀನು?"

"ಎಂ.ಎಸ್ಸಿ. ಫಿಸಿಕ್ಸ್."

"ಅದೇ ನೋಡು. ನಿನ್ನಂಗೆ ಓದಿದ್ರೆ ಹಿಂಗ್ ಮಾಡ್ತಿರ್ಲಿಲ್ಲ."

ಇಷ್ಟು ಸಣ್ಣ ಥ್ರೆಡ್ ಕೊರೆಯಲು ಹೊಂದುವ ಡೈ ಇಲ್ಲ, ಮಾಡಿಕೊಳ್ಳಬೇಕು, ನಾಳೆ ಮಧ್ಯಾಹ್ನ ಬಾ ಎಂದರು. ನಾನು ಎದ್ದೆ. "ಬರೋವಾಗ ಅತ್ತಿಗೇನ ಕರ್ಕೊಂಡ್ ಬಾ" ಎಂದರು. ಅವರಿಗೆ ಕೆಲಸವಿದೆ, ನಾನೇ ಒಯ್ಯುತ್ತೇನೆ ಎಂದೆ. "ನೀ ಒಯ್ದ್ರೆ ಮುಂದಿನ ವಾರ ಮತ್ತೆ ತರ್ತೀಯ. ಥ್ರೆಡ್ ನಾ ರೆಡಿ ಮಾಡ್ತೀನಿ, ಕೈ ಯಾರು ರೆಡಿ ಮಾಡ್ತಾರೆ? ಕೆಡಿಸಿದ ಕೈಯೇ ಬರ್ಬೇಕು. ನನ್ನ ಮುಂದೆ ಹತ್ತು ಸಲ ಹಾಕಿ ತೆಗೀಬೇಕು. ಆಮೇಲೇ ಕೊಡೋದು. ರೈಸ್‌ಮಿಲ್ ಸಾಹುಕಾರನ್ನೂ ಇಲ್ಲೇ ನಿಲ್ಲಿಸಿ ಹತ್ತು ಸಲ ಮಾಡಿಸೀನಿ."

ಆ ಕ್ಷಣದಲ್ಲಿ "ಕೈ ನನ್ನದೇ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೈ ಕೆಡಿಸಿದ್ದಲ್ಲದೆ ಬಾಯಿಯೂ ಸುಳ್ಳು ಹೇಳಿತ್ತು. ಬಸ್ಸಿನಲ್ಲಿ ಕೂತು ತರ್ಕ ಮಾಡಿದೆ. ಅತ್ತಿಗೆ ತಾವೇ ಕೆಡಿಸಿದ್ದೆಂದು ನಂಬಿದ್ದಾರೆ. ಹಾಲಪ್ಪನವರೂ ಹಾಗೆಯೇ ನಂಬಿದ್ದಾರೆ. ಇಬ್ಬರನ್ನೂ ಸೇರಿಸಿದರೆ ಭಿನ್ನಾಭಿಪ್ರಾಯಕ್ಕೆ ಜಾಗವೇ ಇಲ್ಲ. ಮದುವೆಯ ಕೆಲಸವೂ ಉಳಿಯುತ್ತದೆ. ಇಷ್ಟು ಶುದ್ಧವಾದ ತರ್ಕವನ್ನು ನಾನು ಪರೀಕ್ಷೆಯಲ್ಲೂ ಬರೆದಿಲ್ಲ. ಆದರೆ ಅತ್ತಿಗೆಗೆ ಗೊತ್ತಿದ್ದದ್ದು ಬಿದ್ದ ಬ್ಯಾಗ್ ಮಾತ್ರ; ಇಕ್ಕಳದ ಹಲ್ಲಿನ ಗುರುತು ನನ್ನ ತರ್ಕದಿಂದ ಬಿಟ್ಟುಹೋಗಿತ್ತು.

ಶನಿವಾರ ಅತ್ತಿಗೆಯ ಸ್ಕೂಟರಿನಲ್ಲಿ ಇಬ್ಬರೂ ಹೋದೆವು. ಹಾಲಪ್ಪನವರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, "ಏನವ್ವ, ಇಷ್ಟು ಸೂಕ್ಷ್ಮ ವಸ್ತುಗೆ ಇಕ್ಕಳ ಹಾಕಿದ್ಯಲ್ಲ, ಕೈ ಹೆಂಗ್ ಬಂತು?" ಎಂದರು. ಅತ್ತಿಗೆ, "ಇಕ್ಕಳಾನಾ?" ಎಂದು ನನ್ನ ಕಡೆ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರ್‌ಗಳನ್ನು ಎಣಿಸತೊಡಗಿದೆ. ಏಳನೆಯದಕ್ಕೆ ಬಂದಾಗ ಅತ್ತಿಗೆಯ ದನಿ ಕೇಳಿತು. "ಹೂಂರಿ, ತಪ್ಪಾತು. ಅವಸರದಾಗಿದ್ದೆ."

ನನಗೆ ಅವರು ಬೈದಿದ್ದರೆ ಚೆನ್ನಾಗಿತ್ತು.

ಹಾಲಪ್ಪನವರು ಏರ್‌ಬ್ರಷ್ ಕೊಟ್ಟರು. ಗೆರೆಗಳು ಹೊಸದರ ಹಾಗೆ ಮಿನುಗುತ್ತಿದ್ದವು. ಅತ್ತಿಗೆ ಟೋಪಿಯನ್ನು ಎರಡು ಬೆರಳಲ್ಲಿ ಹಿಡಿದು, ಮೊದಲು ಹಿಂದಕ್ಕೆ ಒಂದಿಷ್ಟು ತಿರುಗಿಸಿ, ಅದು ಟಿಕ್ ಎಂದು ಗೆರೆಗೆ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿದರು. ಕೂತಿತು. ತೆಗೆದರು, ಮತ್ತೆ ಹಾಕಿದರು. ಮೂರನೆಯ ಸಲ ಕೈ ನೋಡದೆಯೇ ಹಾಕಿದರು. ಹಾಲಪ್ಪನವರು ಅಲ್ಲಿಗೇ ತಡೆದರು.

"ಸಾಕು ಬಿಡವ್ವ. ಈ ಕೈ ಕೆಡಿಸಿದ ಕೈ ಅಲ್ಲ." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆ ಕೈ ಎಲ್ಲೈತೆ?"

ಎಣಿಸಲು ಸ್ಪ್ಯಾನರ್ ಉಳಿದಿರಲಿಲ್ಲ. ನಾನು ಕೈ ಚಾಚಿದೆ. "ನಂದೇ ಸರ್" ಎಂದೆ. ಅವರು ಏರ್‌ಬ್ರಷ್ ಅಂಗೈಯಲ್ಲಿ ಇಟ್ಟರು. ಹತ್ತು ಸಲ ಹಾಕಬೇಕಿತ್ತು. ನಾಲ್ಕು ಸಲ ಓರೆಯಾಗಿ ಮತ್ತೆ ಮೊದಲಿಂದ ಶುರುಮಾಡಿದೆ. "ಫಿಸಿಕ್ಸು" ಎಂದು ಹಾಲಪ್ಪನವರು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು, ಅಷ್ಟೆ. ಅತ್ತಿಗೆ ಮಾತ್ರ ಮೆಲ್ಲಗೆ ಕೇಳಿದರು: "ಬಿಚ್ಚಿದ್ದು ಯಾಕ?"

"ತೊಳೆಯೋಕೆ."

"ನಾ ತೊಳೆದೇ ಇಟ್ಟಿದ್ನಲ್ಲ?"

ನಾನು ಟೋಪಿ ಬಿಚ್ಚಿ ಮತ್ತೆ ಹಾಕತೊಡಗಿದೆ. ಅತ್ತಿಗೆ ನನ್ನ ಮುಖವನ್ನು, ಮದುಮಕ್ಕಳನ್ನು ನೋಡುವ ಹಾಗೆ, ಹಣೆಯಿಂದ ಗಲ್ಲದವರೆಗೆ ಒಮ್ಮೆ ನೋಡಿದರು. ಮತ್ತೆ ಕೇಳಲಿಲ್ಲ.

ವಾಪಸ್ ಬರುವಾಗ ಹಿಂದೆ ಕೂತು ಕ್ಷಮೆಯ ವಾಕ್ಯಗಳನ್ನು ಜೋಡಿಸಿಕೊಂಡೆ. ಮೂರು ವಾಕ್ಯ: ಒಂದು ಏರ್‌ಬ್ರಷ್‌ಗೆ, ಒಂದು ಸುಳ್ಳಿಗೆ, ಒಂದು ಊಟದ ಹೊತ್ತಿನ ಆ ಕಾರಿನ ಮಾತಿಗೆ. ದಾವಣಗೆರೆಯ ಮೊದಲ ಮನೆಗಳು ಕಾಣುವ ಹೊತ್ತಿಗೆ ಮೂರೂ ಸಿದ್ಧವಾಗಿದ್ದವು. ಅಷ್ಟರಲ್ಲಿ ಅತ್ತಿಗೆ ರಸ್ತೆ ನೋಡುತ್ತಲೇ ಹೇಳಿದರು: "ಅದು ಮಲೆಬೆನ್ನೂರು ಹುಡುಗಿಗಂತ ತಂದಿದ್ದ ಶೇಡು ವೀಣಾ. ನಿನಗದು ಆಗಲ್ಲ."

ನಾನು ಬಾಯಿ ತೆರೆದೆ. ಮೂರು ವಾಕ್ಯಗಳೂ ನಾಲಿಗೆಯ ತುದಿಯಲ್ಲೇ ಇದ್ದವು.

"ಹಾಗಾದ್ರೆ ನಂಗೆ ಯಾವುದು ಆಗುತ್ತೆ, ಅತ್ತಿಗೆ?"

ಸ್ಕೂಟರ್ ಒಂದು ಕ್ಷಣ ಓಲಾಡಿತು. ಅತ್ತಿಗೆಯ ಭುಜಗಳು ಮನೆ ತಲುಪುವವರೆಗೂ ನಗುವಿಗೆ ಕುಲುಕುತ್ತಿದ್ದವು. ಕ್ಷಮೆಯ ಆ ಮೂರು ವಾಕ್ಯಗಳು ಇನ್ನೂ ನನ್ನ ಹತ್ತಿರವೇ ಇವೆ, ಒರೆಸಿ ಸಾಲಾಗಿ ಜೋಡಿಸಿದ ಹಾಗೆಯೇ.